ಲೇಡಲ್ ಹುಕ್ಕಿನ ತಗ್ಗು

ಇಂಪನಾ ಬಚ್ಚಲ ಕಲ್ಲಿನ ಬಳಿ ಕುಕ್ಕರುಗಾಲಲ್ಲಿ ಕೂತು, ಹಳೇ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕಬ್ಬಿಣದ ಹುಕ್ಕನ್ನು ತಿಕ್ಕುತ್ತಿದ್ದಳು. ಗ್ರೀಸು, ಮಸಿ ಬೆರೆತ ಕಪ್ಪು ಅಂಟು ಉಗುರಿನೊಳಗೆ ಸೇರುತ್ತಿತ್ತು. ಹುಕ್ಕಿನ ಬಾಗಿನ ಒಳಗೆ ಬಂದಾಗ ಬ್ರಷ್ಷು ತಗ್ಗಿಗೆ ಇಳಿಯಿತು. ಅಲ್ಲಿ ಹೆಬ್ಬೆರಳಿಟ್ಟು ನೋಡಿದಳು. ವರ್ಷಗಟ್ಟಲೆ ಭಾರ ತೂಗಿ ತೂಗಿ, ಬೆರಳು ಮುಳುಗುವಷ್ಟು ಸವೆದಿತ್ತು.

ಅದು ಭದ್ರಾವತಿಯ ಲಿಂಗಪ್ಪನ ಫೌಂಡ್ರಿಯದು. ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಕೆಟ್ಟು, ಅವರು ಲೇಡಲ್ ಅನ್ನುವುದು, ಇಂಥ ಎರಡು ಹುಕ್ಕುಗಳಲ್ಲಿ ತೂಗುತ್ತದೆ. ಅದರಲ್ಲಿ ಒಂದು ಹುಕ್ಕು ಬಿರಿದು ಬಾಯಿ ಬಿಟ್ಟಿತ್ತು. ಹಳೇ ಡ್ರಾಯಿಂಗ್ ಯಾರ ಹತ್ತಿರವೂ ಇರಲಿಲ್ಲ. ಅದಕ್ಕೇ ಉಳಿದ ಇದನ್ನೇ ನೋಡಿ ಹೊಸ ಜೋಡಿ ಮಾಡಬೇಕಿತ್ತು. ಆ ಲೇಡಲ್ ಬಗ್ಗಿಸಿ ಅಚ್ಚಿಗೆ ಕಬ್ಬಿಣ ಹೊಯ್ಯುವವನು ಇಂಪನಾಳ ಅಣ್ಣ ಶಿವಪ್ರಸಾದ.

ಆ ಕೆಲಸ ಬಂದಿದ್ದು ಮಲವಗೊಪ್ಪದ ರೋಡಿನ ಪಕ್ಕದ ಷಡಕ್ಷರಪ್ಪನ ಡಿಸೈನ್ ಅಂಗಡಿಗೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಇಂಪನಾ ಕಸ ಗುಡಿಸಲು ಬಂದವಳು, ನೋಡಿ ನೋಡಿ ಕಂಪ್ಯೂಟರಿನ ಕೆಲಸ ಕಲಿತಿದ್ದಳು. ಕಸ ಗುಡಿಸುವುದೂ ತಪ್ಪಿರಲಿಲ್ಲ.

ಹುಕ್ಕಿನ ಆಕಾರವನ್ನು ಕಂಪ್ಯೂಟರಿಗೆ ಇಳಿಸುವ ಸ್ಕ್ಯಾನರಿನ ಬೆಳಕಿಗೆ ಹೊಳೆಯುವ ಲೋಹ ಸಿಗುವುದಿಲ್ಲ, ಬಿಳಿ ಸ್ಪ್ರೇ ಹೊಡೆಯಬೇಕು. ಡಬ್ಬಿ ಖಾಲಿಯಾಗಿತ್ತು. ಷಡಕ್ಷರಪ್ಪ ಡ್ರಾಯರಿನಿಂದ ವಿಭೂತಿ ಗಟ್ಟಿ ತೆಗೆದ. ಎಲೆಅಡಿಕೆ ತುಂಬಿದ ಬಾಯಿಂದ ಅಂಗೈಗೆ ಉಗುಳಿ, ಅದರಲ್ಲೇ ಗಟ್ಟಿಯನ್ನು ತೇಯ್ದು, ಮೂರು ಬೆರಳಲ್ಲಿ ಹುಕ್ಕಿಗೆ ಸವರಿದ.

“ನೀರಿಗೆ ಯಾರು ಎದ್ದು ಹೋಗ್ತಾರೆ! ಹಿಡ್ಕೋ, ತಿರುಗಿಸು.”

ನಸುಗೆಂಪು ಹಸಿ ಅವಳ ಬೆರಳ ಸಂದಿಗೆ ಇಳಿಯಿತು. ಉಸಿರು ಬಿಗಿಹಿಡಿದು ತಿರುಗಿಸಿದಳು.

ಸ್ಕ್ರೀನಿನ ಮೇಲೆ ಹುಕ್ಕು ಸಾವಿರಾರು ಪುಟ್ಟ ತ್ರಿಕೋನಗಳಾಗಿ ಮೂಡಿತು. ಬರೀ ಬಲೆ, ಒಳಗೆ ಟೊಳ್ಳು. ಹರಿದ ಕಡೆ ಮುಚ್ಚಿ, ಅಂಚಿಗೆ ಅಂಚು ಹೊಲಿದರೆ ಅದು ಒಳಗೂ ತುಂಬಿದ ಸಾಲಿಡ್ ಆಗುತ್ತದೆ. ಅಚ್ಚು ಕೊರೆಯುವ ಮೆಷಿನ್ನು ಅದನ್ನೇ ಕೇಳುವುದು. ಬಾಗಿನೊಳಗಿನ ತಗ್ಗು ಚೆನ್ನಾಗಿ ಕಾಣುತ್ತಿತ್ತು. ಅದರ ಮೇಲ್ಗಡೆ ವಿಭೂತಿ ದಪ್ಪಗೆ ಕೂತು ಮೂರು ಬೆರಳಿನ ಗೆರೆ ಮೂಡಿತ್ತು.

ಅಷ್ಟೊತ್ತಿಗೆ ಲಿಂಗಪ್ಪ ಬಂದು ಟೀ ಲೋಟ ಹಿಡಿದು ಹಿಂದೆ ಕೂತಿದ್ದ.

“ಸರ್, ಇಲ್ಲಿ ಸವೆದಿದೆ,” ಎಂದಳು ಇಂಪನಾ. “ಹಿಂಗೇ ಬಿಟ್ರೆ ಹೊಸದೂ ಸವೆದೇ ಹುಟ್ಟುತ್ತೆ. ಭಾರ ಬೀಳೋದೇ ಅಲ್ಲಿ.”

ಲಿಂಗಪ್ಪ ನಕ್ಕ. “ಒಳ್ಳೇದಾಯ್ತಲ್ಲಮ್ಮ! ಹೊಸಾ ಹುಕ್ಕು ಪಳಗೋಕೆ ಎಷ್ಟು ದಿನ ಬೇಕು. ಇದು ಪಳಗೇ ಬರುತ್ತೆ. ಲೇಡಲ್ಲು ಜಾರದೆ ಕೂರುತ್ತೆ.”

“ನಾವು ತುಂಬಿದ್ರೆ ಅದು ನಮ್ಮ ಡಿಸೈನ್ ಆಗುತ್ತೆ ಮಾರಾಯ್ತಿ,” ಎಂದ ಷಡಕ್ಷರಪ್ಪ. “ನಾಳೆ ಮುರಿದ್ರೆ ನಮ್ಮ ಕುತ್ತಿಗೆಗೆ. ಇದ್ದಿದ್ದು ಇದ್ದ ಹಾಗೇ ಮಾಡು. ಒಂದು ತ್ರಿಕೋನ ಮುಟ್ಬೇಡ.” ಹಾಗೇ ಮುಂದಕ್ಕೆ ಬಗ್ಗಿ ಕಣ್ಣು ಕಿರಿದು ಮಾಡಿದ. “ಥೂ, ಇದೇನಿದು ಗೆರೆ?”

“ನಿಮ್ಮ ಬೆರಳು ಸರ್.”

“ಶಿವನ ಮುದ್ರೆ, ಇರ್ಲಿ ಬಿಡ್ರೀ,” ಎಂದ ಲಿಂಗಪ್ಪ.

“ಬೇಡ್ರೀ, ಅಸಹ್ಯವಾಗಿ ಕಾಣುತ್ತೆ. ಕೆಲಸ ನೀಟಾಗಿರ್ಬೇಕು. ಲೇ, ಅದನ್ನ ಒರೆಸಿ ನೈಸ್ ಮಾಡು.”

ಮುಟ್ಟಬಾರದ ತ್ರಿಕೋನಗಳನ್ನು ಅವಳು ಮುಟ್ಟಿದಳು. ಬೆರಳಿನ ಗೆರೆಗಳು ನೋಡನೋಡುತ್ತ ಮಾಯವಾದವು. ಮೌಸಿನ ಅದೇ ಬಾಣವನ್ನು ಒಂದಿಷ್ಟು ಕೆಳಕ್ಕೆ ಎಳೆದಿದ್ದರೆ ತಗ್ಗೂ ತುಂಬುತ್ತಿತ್ತು. ಎಂಜಲು ಕೈಗೆ ಹತ್ತಿದಾಗಲೂ ಇಷ್ಟು ಹೇಸಿಗೆ ಆಗಿರಲಿಲ್ಲ. ಎಂಜಲನ್ನಾದರೂ ಸೋಪು ಹಾಕಿ ತೊಳೆಯಬಹುದು.

ಅಂಚು ಹೊಲಿದಳು. ಬಲೆ ಮುಚ್ಚಿಕೊಂಡಿತು. ಹುಕ್ಕು ಬೂದು ಬಣ್ಣಕ್ಕೆ ತಿರುಗಿ, ಸವೆತವನ್ನೂ ಹೊತ್ತುಕೊಂಡು, ಹೊಚ್ಚಹೊಸದರಂತೆ ಮಿರಿಮಿರಿ ಮಿಂಚಿತು.

“ಹಾಂ, ಸಾಲಿಡ್ ಆಯ್ತು! ಸೀಡಿಗೆ ಹಾಕಿ ಕೊಡು.”

ಇಂಪನಾ ಸೀಡಿಗೆ ಕೈ ಹಾಕಲಿಲ್ಲ. ಮೌಸಿನ ಮೇಲಿನ ಅವಳ ಬೆರಳು ಇನ್ನೂ ಎಲೆಅಡಿಕೆ ನಾರುತ್ತಿತ್ತು. ಸ್ಕ್ರೀನಿನಿಂದ ಕಣ್ಣು ತೆಗೆಯದೆ ಹೇಳಿದಳು:

“ಸರ್, ಆ ಲೇಡಲ್ ಪಕ್ಕ ನಿಲ್ಲೋನು ನಮ್ಮಣ್ಣ.”

ಲಿಂಗಪ್ಪ ಟೀ ಲೋಟದ ತಳ ನೋಡಿದ. ಷಡಕ್ಷರಪ್ಪ ಜೇಬಿನಲ್ಲಿ ಸುಣ್ಣದ ಡಬ್ಬಿ ಹುಡುಕತೊಡಗಿದ.

“ಇದೊಂದು ತಗ್ಗು ತುಂಬೋಕೆ ಬಿಡಿ ಸರ್.”