ಉದ್ದನೆಯ ಎಸಳು

ಲಗಮವ್ವನ ಪಿಕೋ ಮಿಷಿನ್ ಹೆಂಗಸರ ಮಾತು ನೋಡಿಕೊಂಡು ಓಡುತ್ತಿತ್ತು. ಕೊಣ್ಣೂರಿನ ಆ ಓಣಿಯ ಹೆಂಗಸರು ಹೊಸ ಸೀರೆ ತಂದರೆ, ಫಾಲ್ ಹಚ್ಚಿ ಪಿಕೋ ಹಾಕಿ ಮುಗಿಯುವವರೆಗೆ ಅವಳ ಪಡಸಾಲೆಯಲ್ಲೇ ಕಾಲು ಚಾಚಿ ಕೂರುತ್ತಿದ್ದರು. ಅವರ ಮಾತು ತೊಗರಿಬೇಳೆ, ನಾದಿನಿ, ನಳದ ನೀರು ಅಂತ ಸುತ್ತುವಷ್ಟು ಹೊತ್ತು ಮೋಟಾರು ಗರ್ರನೆ ತಿರುಗುತ್ತಿತ್ತು. ಯಾರಾದರೂ ದನಿ ಇಳಿಸಿದರೋ, ಅವಳ ಕಾಲು ಪೆಡಲಿನ ಮೇಲಿಂದ ತಾನಾಗಿ ಏಳುತ್ತಿತ್ತು. ಸೂಜಿಗೆ ದಾರ ಪೋಣಿಸುವವಳಂತೆ ತಲೆ ಬಗ್ಗಿಸಿ ಕೂತುಬಿಡುತ್ತಿದ್ದಳು. ಒಂದು ದಾರ ಪೋಣಿಸಲು ಇಷ್ಟು ಹೊತ್ತು ಬೇಕೇ, ಪಾಪ, ಹುಡುಗಿಯ ಕಣ್ಣು ಮಂದವೇನೋ ಎಂದು ಮರುಗಿದವರೂ ಇದ್ದರು.

ಎಂಟನೆಯ ಇಯತ್ತೆಗೆ ಸಾಲೆ ಬಿಟ್ಟವಳು ಅವಳು. ಮಾಸ್ತರರು ಎದ್ದು ನಿಂತು ಓದು ಎಂದರೆ ದನಿ ಹೊರಡದೆ ಅತ್ತುಬಿಡುತ್ತಿದ್ದಳು. "ಸಾಕ ಬಿಡು, ಮನ್ಯಾಗ ಇರು," ಎಂದು ಅವ್ವ ಸುಂದ್ರವ್ವ ಒಂದು ದಿನ ಅಂದಳು. ಇದ್ದುಬಿಟ್ಟಳು. ಆದರೆ ಬಾಯಿಗೆ ಬಾರದ್ದು ಬೆರಳಿಗೆ ಬರುತ್ತಿತ್ತು. ಇಪ್ಪತ್ತಮೂರು ತುಂಬುವುದರೊಳಗೆ ಮೊಬೈಲಿನ ಕಥೆಗಳ ಆ್ಯಪಿನಲ್ಲಿ ಸಪ್ನಾ ಎಂಬ ಹೆಸರಿಟ್ಟುಕೊಂಡು ಮೂರು ಪ್ರೇಮ ಕಾದಂಬರಿ ಬರೆದಿದ್ದಳು. ಹನ್ನೊಂದು ಸಾವಿರ ಮಂದಿ ಸಪ್ನಾಳನ್ನು ಓದುತ್ತಿದ್ದರು. ಸಪ್ನಾ ಎಂದರೆ ಈ ಲಗಮವ್ವ ಎಂದು ಗೊತ್ತಿದ್ದವರು ಇಬ್ಬರೇ, ಅವ್ವ ಮತ್ತು ಮೂಡಲಗಿಯ ಮಹಾಂತೇಶ.

ಮಹಾಂತೇಶ ಅವ್ವನ ಕಡೆಯ ದೂರದ ಸಂಬಂಧ. ಮೂಡಲಗಿಯಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್, ಕರಪತ್ರ ಅಚ್ಚು ಹಾಕುವವ. ಅವಳ ಮೊದಲ ಕಾದಂಬರಿಯನ್ನು ಪುಸ್ತಕ ಮಾಡಿದ್ದೂ ಅವನೇ. ಆ ಪುಸ್ತಕ ಕಟ್ಟು ಬಿಚ್ಚದೆ ಅವನ ಅಂಗಡಿಯ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಹೀಗಾಗಿ ಎರಡನೆಯದನ್ನು, 'ಸುಡದ ಸೀರೆ'ಯನ್ನು, ಅಚ್ಚಿಗೆ ಕೊಡುವ ಮೊದಲೇ ಅವಳನ್ನು ಕರೆಸಿ ಎದುರಿಗೆ ಕೂರಿಸಿಕೊಂಡ.

"ನೋಡ ತಂಗಿ, ಕಥಿ ಛಲೋ ಐತಿ. ಆದ್ರ ಮಂದಿ ಕಥಿ ಕೊಳ್ಳೂದಿಲ್ಲ, ಮಾರಿ ನೋಡಿ ಕೊಳ್ತಾರ. ಸಪ್ನಾ ಅಂದ್ರ ಯಾರು, ಹೆಂಗ ಅದಾಳ, ಏನ್ ಉಡ್ತಾಳ. ಇದಕ್ಕ ಬ್ರ್ಯಾಂಡ್ ಅಂತಾರ. ಒಂದ ಫೋಟೋ ಕೊಡು."

ಲಗಮವ್ವ ತನ್ನ ಚಪ್ಪಲಿಯ ತುದಿ ನೋಡಿದಳು. "ಫೋಟೋ ಬ್ಯಾಡಣ್ಣ."

"ಬಾಜೂದಿಂದ ಕೊಡು. ಅರ್ಧಾ ಮಾರಿ."

"ಬ್ಯಾಡ."

"ಬೆನ್ನರ?"

"ಬ್ಯಾಡಣ್ಣ."

"ಮತ್ತ ಖಾಲಿ ಕುರ್ಚಿ ಫೋಟೋ ಹಾಕ್ಲ್ಯಾ? ಓದೋರು ಕುರ್ಚಿ ಮ್ಯಾಲ ಪ್ರೀತಿ ಮಾಡ್ಲಿ."

ಮಹಾಂತೇಶ ತನ್ನ ಮಾತಿಗೆ ತಾನೇ ನಕ್ಕ. ಲಗಮವ್ವನ ಕಿವಿ ಬಿಸಿಯಾದವು. ತನ್ನ ನಾಚಿಕೆಯಿಂದಲೇ ಈ ಪುಸ್ತಕವೂ ಅಟ್ಟ ಸೇರುತ್ತದೆ ಎಂದು ಅವಳಿಗೆ ಅನಿಸಿತು. ಏನಾದರೂ ಕೊಡಬೇಕಿತ್ತು. ಮೊಬೈಲ್ ತೆಗೆದು, ಬೆರಳಾಡಿಸಿ, ಒಂದು ಚಿತ್ರ ಹುಡುಕಿ ಅವನ ಮುಂದೆ ಇಟ್ಟಳು.

ಬದನೆಕಾಯಿ ಬಣ್ಣದ ರೇಷ್ಮೆಯ ಮೇಲೆ ಅರಿಷಿಣ ದಾರದಲ್ಲಿ ತೆಗೆದ ಒಂದು ಹೂವು. ಐದು ಎಸಳು. ನಾಲ್ಕು ಸಮ, ಐದನೆಯದು ಉದ್ದ, ತುದಿಯಲ್ಲಿ ಸ್ವಲ್ಪ ಬಾಗಿದ್ದು.

"ನೀ ತಗದದ್ದ?" ಮಹಾಂತೇಶ ಚಿತ್ರ ದೊಡ್ಡದು ಮಾಡಿ ನೋಡಿದ. "ಇದೊಂದ ಯಾಕ ಉದ್ದ ಬಿಟ್ಟಿ?"

"ಕೆಳಗ ಸುಟ್ಟಿತ್ತು. ಮುಚ್ಚಾಕ."

"ಯಾರ್ದ ಸೀರಿ?"

"ಯಾರ್ದೋ."

ಅವನು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, "ಬಿಡು ಮಾರಿ. ಸಪ್ನಾನ ಮಾರಿ ಇದ," ಅಂದ.

ಆ ಸೀರೆ ರಾಧಿಕಾಳದು. ಲಗಮವ್ವನಿಗಿಂತ ಮೂರು ವರ್ಷ ದೊಡ್ಡವಳು, ತವರುಮನೆ ಎರಡು ಓಣಿ ಆಚೆ, ಹತ್ತರಗಿಗೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದವಳು ಆ ಸೀರೆಯನ್ನು ಪೇಪರಿನಲ್ಲಿ ಸುತ್ತಿ ತಂದಿದ್ದಳು. ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಲಗೈ ಅಂಗೈಗೆ ಬಟ್ಟೆ ಕಟ್ಟಿತ್ತು. ಕೇದಾರಿ ಅನ್ನುವ ಒಬ್ಬ ಹುಡುಗ, ಲಗ್ನಕ್ಕೆ ಮೊದಲು, ಕೊಡಿಸಿದ್ದ ಸೀರೆ ಅದು. ಚಿಗವ್ವ ಕೊಟ್ಟದ್ದು ಎಂದು ಅತ್ತೆಮನೆಯಲ್ಲಿ ಹೇಳಿಕೊಂಡು ಹಬ್ಬಹುಣ್ಣಿಮೆಗೆ ಉಡುತ್ತಿದ್ದಳು. ಅವನಿಗೆ ಲಗ್ನವಾಯಿತು ಎಂಬ ಸುದ್ದಿ ಬಂದ ದಿನ ಸೀರೆಯನ್ನು ಒಲೆಗೆ ಹಿಡಿದಳು. ಸೆರಗಿನ ಮೂಲೆಗೆ ಉರಿ ಹತ್ತುತ್ತಿದ್ದಂತೆ ಅಂಗೈಯಿಂದಲೇ ಒತ್ತಿ ಆರಿಸಿದಳು.

"ದೀಪದ ಕಿಡಿ ಬಿತ್ತು ಅಂತೇನಿ ಮನ್ಯಾಗ," ಎಂದಿದ್ದಳು ರಾಧಿಕಾ. "ಒಂದೇನರ ಹೂವ ತಗದ ಮುಚ್ಚಿಬಿಡ ಲಗಮಿ. ನಿನಗ ಬಿಟ್ರ ಯಾರಿಗಿ ಹೇಳ್ಲಿ. ನೀ ಅಂದ್ರ ಗ್ವಾಡಿ ಇದ್ದಂಗ."

ಗೋಡೆಗೂ ಕಿವಿ ಇತ್ತು, ಬೆರಳೂ ಇದ್ದವು. ಆರು ತಿಂಗಳಲ್ಲಿ 'ಸುಡದ ಸೀರೆ' ಆಯಿತು. ಲಗಮವ್ವ ಕಳ್ಳಿಯಲ್ಲ, ಹೆಸರು ಬದಲಿಸಿದಳು, ಊರು ಬದಲಿಸಿದಳು, ಸೀರೆಯ ಬಣ್ಣ ಗಿಣಿಹಸಿರು ಮಾಡಿದಳು. ಕೊನೆಯಲ್ಲಿ ನಾಯಕಿಯನ್ನು ಆ ಹುಡುಗನ ಜೊತೆ ಕಳಿಸಿಯೂ ಬಿಟ್ಟಳು. ಅದೂ ಅಲ್ಲದೆ ಹತ್ತರಗಿಯ ಆ ಮನೆಯಲ್ಲಿ ಪುಸ್ತಕ ಓದುವವರು ಯಾರಿದ್ದರು? ಗಂಡ ಲಕ್ಷ್ಮಣ ಗಾಡಿ ಹೊಡೆಯುವವ, ಅತ್ತೆ ಲಕ್ಕವ್ವನಿಗೆ ಅಕ್ಷರ ಬಾರದು. ಎಲ್ಲ ಬದಲಿಸಿದ್ದಳು. ಹೂವೊಂದು ಉಳಿದಿತ್ತು, ಅದು ಪುಸ್ತಕದ ಒಳಗೆ ಇರಲೇ ಇಲ್ಲ. ಈಗ ಹೊರಗೆ ಬಂತು.

ಮಹಾಂತೇಶ ಅದನ್ನು ಮುಖಪುಟಕ್ಕೆ ಹಾಕಿದ. ಪುಟದ ಗುರುತಿಗೆ ಇಡುವ ಚೀಟಿಯ ಮೇಲೆ ಹಾಕಿದ. ರೀಲ್ಸಿನಲ್ಲಿ ಆ ಹೂವು ಎಸಳೆಸಳಾಗಿ ಬಿಚ್ಚಿಕೊಳ್ಳುತ್ತಿತ್ತು, ಕೊನೆಗೆ ಉದ್ದನೆಯದು ಮೂಡಿ, ಕೆಳಗೆ ಅಕ್ಷರ ಬರುತ್ತಿದ್ದವು: 'ಈ ಎಸಳು ಯಾಕೆ ಉದ್ದ?' ಓದುಗರು ತಮ್ಮ ತಮ್ಮ ಉತ್ತರ ಬರೆದು ಕಳಿಸಿದರು. ಯಾವುದೋ ಊರಿನ ಹುಡುಗಿಯರು ಅಂಗೈ ಮೇಲೆ ಅದೇ ಹೂವಿನ ಮೆಹಂದಿ ಬಿಡಿಸಿಕೊಂಡು ಫೋಟೋ ಹಾಕಿದರು. ಲಗಮವ್ವ ಒಬ್ಬಳೇ ಕೂತು ಆ ಅಂಗೈಗಳನ್ನು ನೋಡಿದಳು. ಮುಖ ತೋರಿಸದೆಯೂ ತನ್ನನ್ನು ಇಷ್ಟು ಮಂದಿ ನೋಡುತ್ತಿದ್ದಾರಲ್ಲ ಎಂದು ಎದೆ ತುಂಬಿ ಬಂತು. ಅಷ್ಟು ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

"ಖರೆ ಏನಾಗಿತ್ತು ಅದನ್ನ ನಾಕ ಸಾಲ ಬರದ ಕಳಸು," ಎಂದು ಮಹಾಂತೇಶ ಕೇಳಿದ. ಆ ಸಂತೋಷದಲ್ಲೇ ಅವಳು ಬರೆದು ಕಳಿಸಿದಳು. ಹೆಸರು ಬರೆಯಲಿಲ್ಲ.

ಹುಕ್ಕೇರಿಯಲ್ಲಿ ಮಹಿಳಾ ಸಂಘಗಳ ದೊಡ್ಡ ಸಭೆ ಇತ್ತು. ಸುತ್ತಲಿನ ಹಳ್ಳಿಗಳ ಹೆಂಗಸರು ಟೆಂಪೋ ಮಾಡಿಕೊಂಡು ಬರುತ್ತಾರೆ, ಪುಸ್ತಕ ಮಾರಲು ಇದಕ್ಕಿಂತ ಛಲೋ ಜಾಗ ಇಲ್ಲ ಎಂದು ಮಹಾಂತೇಶ ಪೆಂಡಾಲಿನ ಬಾಗಿಲಿಗೇ ಮೇಜು ಹಾಕಿಸಿದ. ಹಿಂದೆ ಆಳೆತ್ತರದ ಫ್ಲೆಕ್ಸ್, ಅದರ ತುಂಬ ಆ ಹೂವು. ಹಂಚಿನಷ್ಟು ಅಗಲದ ಎಸಳುಗಳು. ಲಗಮವ್ವ ಮೇಜಿನ ಹಿಂದೆ ಕೂತು ಬಂದವರಿಗೆ ಚೀಟಿ ಕೊಡುತ್ತಿದ್ದಳು. ಅವಳನ್ನು ಎಲ್ಲರೂ ಪ್ರೆಸ್ಸಿನ ಕೆಲಸದ ಹುಡುಗಿ ಎಂದುಕೊಂಡರು. ಅದೇ ಅವಳಿಗೆ ಬೇಕಿತ್ತು.

ಉಪ್ಪಿಟ್ಟಿನ ಸಾಲು ಕರಗಿದ ಮೇಲೆ ಒಬ್ಬ ಹಿರಿಯ ಹೆಂಗಸು ಬಂದು ಫ್ಲೆಕ್ಸಿನ ಮುಂದೆ ನಿಂತಳು. ಹಣೆ ತುಂಬ ವಿಭೂತಿ, ಸೆರಗು ತಲೆಯ ಮೇಲೆ. ಲಗಮವ್ವನ ಕೈ ನಿಂತಿತು. ರಾಧಿಕಾಳ ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ ಈ ಮುಖವನ್ನು ಹತ್ತಿರದಿಂದ ಕಂಡಿದ್ದಳು. ಹತ್ತರಗಿಯ ಅತ್ತೆ, ಲಕ್ಕವ್ವ. ಲಕ್ಕವ್ವನಿಗೆ ಅವಳ ಗುರುತು ಹತ್ತಲಿಲ್ಲ. ಅವಳ ಗುರುತು ಯಾರಿಗೂ ಹತ್ತುತ್ತಿರಲಿಲ್ಲ.

"ಈ ಹೂವ ಯಾರ್ದಪ?" ಲಕ್ಕವ್ವ ಕೇಳಿದಳು.

"ಸಪ್ನಾ ಅವರ್ದರಿ ಯವ್ವಾ. ದೊಡ್ಡ ಲೇಖಕಿ. ಇದರ ಹಿಂದ ಒಂದ ಕಥಿನ ಐತ್ರಿ," ಎಂದು ಮಹಾಂತೇಶ ಪುಸ್ತಕ ಮುಂದೆ ಹಿಡಿದ.

"ನನಗ ಓದಾಕ ಬರೂದಿಲ್ಲ. ಬಾಯಿಲೆ ಹೇಳು."

ಅವನು ಹೇಳಿದ. ಬೆಳಗಿನಿಂದ ನೂರು ಸಲ ಹೇಳಿ ಮಾತು ನುಣುಪಾಗಿತ್ತು. ಒಬ್ಬ ಹೆಣ್ಣುಮಗಳು, ಲಗ್ನಕ್ಕೆ ಮೊದಲು ಮನಸ್ಸು ಕೊಟ್ಟವನು ಕೊಡಿಸಿದ ಸೀರೆ, ಬಳಗದವರು ಕೊಟ್ಟದ್ದು ಎಂದು ಗಂಡನ ಮನೆಯಲ್ಲಿ ಹೇಳಿದ ಸುಳ್ಳು, ಒಲೆ, ಅಂಗೈ. ಸುಟ್ಟ ಕಲೆ ಉದ್ದಕ್ಕಿತ್ತು, ಅದಕ್ಕೇ ಎಸಳೂ ಉದ್ದ.

ಲಕ್ಕವ್ವ ಚೀಟಿ ಎತ್ತಿಕೊಂಡು ಆ ಎಸಳಿನ ಮೇಲೆ ಹೆಬ್ಬೆರಳು ಎಳೆದಳು. ಬುಡದಿಂದ ತುದಿಯ ಬಾಗಿನವರೆಗೆ.

"ಇದು ಖರೆನ ಆದದ್ದು?"

"ಖರೇರಿ ಯವ್ವಾ. ಆ ಹೆಣಮಗಳು ನಿಮ್ಮ ಬಾಜೂದಾಗ ಕುಂತಿರಬೇಕು ನೋಡ್ರಿ," ಎಂದು ಅವನು ನಕ್ಕ.

ಲಗಮವ್ವ ಇಲ್ಲೊಂದು ಮಾತು ಆಡಬೇಕಿತ್ತು. ಇಲ್ರಿ, ಇದು ನಾ ಎಲ್ಲಾರ ಸೀರಿಗೂ ತಗಿಯೋ ಹೂವ, ಕಥಿ ಸುಳ್ಳರಿ, ಮಾರಾಕ ಹೇಳ್ತಾರ. ಅಷ್ಟೇ. ಮೂರು ಕಾದಂಬರಿ ತುಂಬ ಸುಳ್ಳು ಬರೆದವಳಿಗೆ ಒಂದು ಸುಳ್ಳು ಬೇಕಿತ್ತು. ಅದು ಪೂರ್ತಿ ಸಿದ್ಧವಾಗಿ ನಾಲಿಗೆಯವರೆಗೆ ಬಂತು ಕೂಡ. ಆದರೆ ಸಾಲೆಯಲ್ಲಿ ಎದ್ದು ನಿಂತಾಗ ಆಗುತ್ತಿದ್ದದ್ದೇ ಆಯಿತು. ಕಣ್ಣಿಗೆ ನೀರು ಬಂತು, ತಲೆ ತಗ್ಗಿತು.

"ಇನ್ನೊಂದ ಕೊಡವಾ," ಎಂದು ಲಕ್ಕವ್ವ ಅವಳ ಮುಂದೆ ಕೈ ಚಾಚಿದಳು. "ನನ್ನ ಮಗಗ ತೋರಸ್ತೇನಿ."

ಲಗಮವ್ವ ಕೊಟ್ಟಳು.

ಹದಿನೈದು ದಿನದ ಮೇಲೆ ರಾಧಿಕಾ ತವರಿಗೆ ಬಂದಿದ್ದಾಳೆ ಎಂದು ಪಡಸಾಲೆಯ ಹೆಂಗಸರು ಮಾತಾಡಿಕೊಂಡರು. ಗಂಡನೇ ತಂದು ಬಿಟ್ಟು ಹೋದನಂತೆ, ಟ್ರಂಕಿನ ಸಮೇತ. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮಕ್ಕಳಾಗಿಲ್ಲ, ಅದಕ್ಕೇ ಇರಬೇಕು ಎಂದರು.

ಲಗಮವ್ವ ಎರಡು ಸಲ ಆ ಓಣಿಯ ತನಕ ಹೋಗಿ ಮರಳಿದಳು. ಮೂರನೆಯ ಸಲ ಒಳಗೆ ಹೋದಳು. ರಾಧಿಕಾ ಹಿತ್ತಿಲ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನೋಡಿ, ಮೊರವನ್ನು ಸರಿಸಿ ಜಾಗ ಮಾಡಿದಳು.

"ಕೂಡು."

ಕೂತಳು.

"ಸೀರಿ ಸುಟ್ರು," ಎಂದಳು ರಾಧಿಕಾ. "ಅತ್ತಿ ಅಲ್ಲ, ಇವರ ಸುಟ್ರು. ಆ ಚೀಟಿ ಸೀರಿ ಬಾಜೂ ಇಟ್ಟ, ಎಸಳಿಗೆ ಎಸಳ ಹಚ್ಚಿ ನೋಡಿ, ನನ್ನ ಮುಂದ ನಿಂದರಿಸಿ ಸುಟ್ರು. ಈ ಸಲ ನಾ ಕೈ ಹಾಕಲಿಲ್ಲ."

ಲಗಮವ್ವ ತುಟಿ ತೆರೆದಳು. ತಪ್ಪಾತು ಅಕ್ಕ ಎಂಬ ಎರಡು ಮಾತೂ ಹೊರಗೆ ಬರಲಿಲ್ಲ.

"ನಿನ್ನ ಹೆಸರ ಹೇಳಿಲ್ಲ ನಾ," ಎಂದಳು ರಾಧಿಕಾ. "ಸಪ್ನಾ ಅಂದ್ರ ಯಾರು ಅಂತ ಭಾಳ ಕೇಳಿದ್ರು. ಹೇಳಿದ್ರ ಓಣ್ಯಾಗ ಯಾರ ತರ್ತಾರ ನಿನ್ನ ಹಂತ್ಯಾಕ ಸೀರಿ. ನಿಮ್ಮವ್ವ ಏನ್ ಉಣಬೇಕು."

ಬೈದಿದ್ದರೆ ಚೆನ್ನಾಗಿತ್ತು. ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ದೂರ ಎಸೆದು ರಾಧಿಕಾ ಕೇಳಿದಳು:

"ಪುಸ್ತಕದಾಗ ಆಕಿ ಏನ್ ಮಾಡ್ತಾಳ, ಕಡೀಕ?"

"ಹೋಗ್ತಾಳ."

"ಅವನ ಕೂಡ?"

"ಹೂಂ."

"ಎಲ್ಲಿಗಿ?"

ಲಗಮವ್ವ ಕಾದಂಬರಿಯನ್ನು ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಮುಗಿಸಿದ್ದಳು. ಇಬ್ಬರೂ ಹತ್ತುತ್ತಾರೆ, ಬಸ್ಸು ಹೊರಡುತ್ತದೆ, ಕಿಟಕಿಯಿಂದ ಗಾಳಿ ಬರುತ್ತದೆ. ಓದುಗರು ಆ ಪುಟಕ್ಕೆ ಅತ್ತಿದ್ದರು.

"ಬಸ್ ಹತ್ತತಾರ."

"ಯಾ ಊರಿನ ಬಸ್ಸು?"

"ಅದನ್ನ ಬರದಿಲ್ಲಕ್ಕ."

ರಾಧಿಕಾ ಮೊರ ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಅಂಗೈಯ ಹಳೆಯ ಕಲೆ ಜೋಳದ ಧೂಳಿನಲ್ಲಿ ಬೆಳ್ಳಗೆ ಕಾಣುತ್ತಿತ್ತು.

"ಬರೀಬೇಕಿತ್ತ ನೋಡು," ಎಂದಳು. "ನನಗ ಬೇಕಾಗಿತ್ತು."

ಅದೇ ವಾರ ಮಹಾಂತೇಶನ ಫೋನು ಬಂತು. ಪುಸ್ತಕ ಖಾಲಿ, ಎರಡನೆಯ ಸಲ ಅಚ್ಚು ಹಾಕುತ್ತಿದ್ದಾನಂತೆ. "ಆಕಿ ಎಲ್ಲಿಗಿ ಹೋದ್ಲು ಅಂತ ಮಂದಿ ಕೇಳಾಕತ್ತಾರ ತಂಗಿ. ಮುಂದಿನ ಭಾಗ ಬರೀ. ಮತ್ತ ಹೊಸಾದೊಂದ ಗುರುತ ನೋಡು, ಅದಕ್ಕಿಂತ ಛಲೋದು. ನಿನ್ನ ಹಂತ್ಯಾಕ ಸೀರಿ ಭಾಳ ಬರ್ತಾವಲ್ಲ."

ಲಗಮವ್ವ ಫೋನು ಕೆಳಗಿಟ್ಟಳು. ಆ್ಯಪ್ ತೆಗೆದು ನೋಡಿದಳು; ಹನ್ನೊಂದು ಸಾವಿರ ಇದ್ದದ್ದು ಇಪ್ಪತ್ತು ಸಾವಿರ ಆಗಿತ್ತು. ಬರೆಯುವ ಜಾಗ ತೆರೆದಳು. ಬಸ್ಸು ಎಂದು ಬರೆದಳು. ಮುಂದೆ ಊರಿನ ಹೆಸರು ಬರೆಯಬೇಕು. ತನಗೆ ಗೊತ್ತಿರುವ ಊರುಗಳನ್ನೆಲ್ಲ ಒಂದೊಂದಾಗಿ ನೆನೆದಳು. ಯಾವ ಊರಿನಲ್ಲೂ ರಾಧಿಕಾಳನ್ನು ಇಳಿಸಲು ಆಗಲಿಲ್ಲ.

ಮಧ್ಯಾಹ್ನ ದಾಕ್ಷಾಯಿಣಿ ಬಂದಳು, ಹಿಂದಿನ ಓಣಿಯವಳು, ಹೋದ ವರ್ಷ ಲಗ್ನವಾದವಳು. ಹೊಸ ಸೀರೆಯನ್ನು ಮಿಷಿನ್ ಮೇಲೆ ಇಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಸರಿದು ಕೂತಳು.

"ಲಗಮಿ," ಎಂದು ದನಿ ಇಳಿಸಿದಳು, "ನಿನ್ನ ಮುಂದ ಒಂದ ಮಾತ ಹೇಳಬೇಕಿತ್ತು. ಯಾರ ಮುಂದೂ ಅನಬ್ಯಾಡ ಮತ್ತ."

ಲಗಮವ್ವ ಸೆರಗಿನ ಅಂಚನ್ನು ಸೂಜಿಯ ಕೆಳಗೆ ಸರಿಸಿ, ಕಾಲನ್ನು ಪೆಡಲಿನ ಮೇಲೆ ಪೂರ್ತಿ ಒತ್ತಿದಳು. ಮೋಟಾರು ಗರ್ರೆಂದಿತು. ದಾಕ್ಷಾಯಿಣಿಯ ತುಟಿ ಆಡುತ್ತಿದ್ದವು, ಕಣ್ಣು ತುಂಬುತ್ತಿದ್ದವು, ಆಕೆ ಹೇಳುತ್ತಲೇ ಇದ್ದಳು. ಸೆರಗಿನ ಅಂಚು ಮುಗಿಯಿತು. ಬಟ್ಟೆಯಿಲ್ಲದ ಮಿಷಿನ್ನಿನ ಬರಿ ಪಟ್ಟಿಯ ಮೇಲೆ ಸೂಜಿ ಮೇಲೆ ಕೆಳಗೆ ಆಡುತ್ತ ಇತ್ತು. ಅವಳು ಕಾಲು ತೆಗೆಯಲಿಲ್ಲ.