ಮರದ ಹೊಟ್ಟಿನ ಡಬ್ಬಿ

“ಸೀಟು ಬೇಡ ಅಂತ ಒಂದು ಕಾಗದ ಬರೆದುಕೊಟ್ಟುಬಿಡೆ. ನಿನಗೂ ತಲೆನೋವಿಲ್ಲ, ನನಗೂ ಇಲ್ಲ.”

ದೊಡ್ಡ ಮೇಡಂ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೀಗೆ ಹೇಳುವಾಗ ಬಕೇಟಮ್ಮನ ಬಲಗೈ ಮೊಣಕೈವರೆಗೂ ಕಮೋಡಿನೊಳಗಿತ್ತು. ಯಾರದೋ ಮನೆಯ ಕುಲದೀಪಕ ಕಾಲುಚೀಲ ಬಿಚ್ಚಿ ಅದರೊಳಗೆ ತುರುಕಿ ಹೋಗಿದ್ದ. ಆಮೇಲೆ ಹತ್ತು ಜನ ಅದರ ಮೇಲೆ ಕೂತೆದ್ದು ಹೋಗಿದ್ದರು.

ಬಕೇಟಮ್ಮ ಎಂಬುದು ಆ ಖಾಸಗಿ ಶಾಲೆಯವರೇ ಅವಳಿಗಿಟ್ಟ ಹೆಸರು. ಆರು ವರ್ಷದಿಂದ ಅಲ್ಲಿನ ಹದಿನೆಂಟು ಕಕ್ಕಸುಗಳನ್ನು ತೊಳೆಯುವವಳು ಅವಳೇ. ಬಡವರ ಮಕ್ಕಳಿಗೆಂದು ಮೀಸಲಿಟ್ಟ ಪುಕ್ಕಟೆ ಸೀಟಿಗೆ ಚೀಟಿ ಎತ್ತಿದಾಗ, ಅಷ್ಟು ಮಕ್ಕಳಿದ್ದರೂ, ಅವಳ ಮಗಳು ಪುಟ್ಟಿಯ ಚೀಟಿಯೇ ಬಂದಿತ್ತು. ಶಾಲೆಯವರಿಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ.

“ನಿಮ್ಮಂಥೋರ ಮಕ್ಕಳಿಗೆ ಸರ್ಕಾರಿ ಸ್ಕೂಲೇ ವಾಸಿ. ಇಲ್ಲಿ ಬಂದು ಮಗು ಕೀಳರಿಮೇಲಿ ಕೊರಗಬೇಕಾ? ತಾಯಿಯಾಗಿ ಯೋಚನೆ ಮಾಡು.”

ಬಕೇಟಮ್ಮ ಕಾಲುಚೀಲವನ್ನು ಎಳೆದು ಹೊರಗೆ ತೆಗೆದಳು. ದೊಡ್ಡ ಮೇಡಂ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ತನಗೆ ಬರೆಯಲು ಬರುವುದಿಲ್ಲ ಎಂದು ಅವಳು ಹೇಳಿದಳು. ಅದು ಹಸಿ ಸುಳ್ಳು. ಆರನೇ ಕ್ಲಾಸಿನವರೆಗೆ ಓದಿದವಳು ಅವಳು.

ಮನೆಯಲ್ಲಿ ಗಂಡನದೂ ಅದೇ ರಾಗ. ಅವನು ಗೋದಾಮಿನಲ್ಲಿ ಮೂಟೆ ಹೊರುವವ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ. ಸರ್ಕಾರಿ ಶಾಲೆ ಮೂರು ಬೀದಿ ದಾಟಿದರೆ ಸಿಗುತ್ತದೆ, ಅಲ್ಲಿರುವುದೆಲ್ಲ ನಮ್ಮಂಥವರ ಮಕ್ಕಳೇ, ಮೂಗು ಮುಚ್ಚಿಕೊಳ್ಳುವವರಿಲ್ಲ ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ಬಕೇಟಮ್ಮ ಓದಿದ್ದೂ ಅದೇ ಶಾಲೆಯಲ್ಲಿ. ಅಲ್ಲಿ ಯಾರೂ ಯಾರ ಹುಟ್ಟನ್ನೂ ಕೇಳುತ್ತಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ಎರಡನೇ ಗಂಟೆ ಹೊಡೆದರೆ ಬೇರೆ ಬೀದಿಯ ಮಕ್ಕಳು ಗಿಡಕ್ಕೆ ನೀರು ಹಾಕಬೇಕು, ಇವಳ ಬೀದಿಯ ಮಕ್ಕಳು ಪೊರಕೆ ಹಿಡಿದು ಕಕ್ಕಸಿಗೆ ಹೋಗಬೇಕು. ಅದು ಲೆಕ್ಕದ ಪಾಠದ ಹೊತ್ತು. ನೀರು ಹಾಕಿದವರು ಬೇಗ ಬಂದು ಕೂರುತ್ತಿದ್ದರು, ಇವರು ಕೈ ತೊಳೆದು ಬರುವಷ್ಟರಲ್ಲಿ ಮೇಷ್ಟ್ರು ಬೋರ್ಡು ಒರೆಸಿರುತ್ತಿದ್ದರು. ಆರನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಸೊನ್ನೆ ಬಂತು, ಓದು ನಿಂತಿತು. ಹೋದ ತಿಂಗಳು ಅವಳು ಆ ಶಾಲೆಯನ್ನು ನೋಡಿಬರಲು ಹೋಗಿದ್ದಳು. ಶಾಲೆಯ ಯೋಗ್ಯತೆ ತಿಳಿಯಲು ಅವಳು ಕ್ಲಾಸು ನೋಡುವವಳಲ್ಲ, ನೇರ ಕಕ್ಕಸಿಗೆ ಹೋದಳು. ಅವಳ ಬೀದಿಯ ಎರಡು ಹೆಣ್ಣುಮಕ್ಕಳು ಲಂಗ ಎತ್ತಿ ಕಟ್ಟಿಕೊಂಡು ಉಜ್ಜುತ್ತಿದ್ದವು.

“ಪುಟ್ಟಿ ಕೈಗೆ ಪೊರಕೆ ಬರಬಾರದು, ಅಷ್ಟೇ,” ಎಂದಳು ಗಂಡನಿಗೆ. “ಆ ಸ್ಕೂಲಲ್ಲಾದ್ರೆ ತೊಳೆಯೋಕೆ ನಾನೇ ಇದೀನಲ್ಲ. ನಾನಿರುವಾಗ ಯಾವ ಬೇವರ್ಸಿ ಅವಳ ಕೈಗೆ ಕೊಡ್ತಾನೆ?”

ಗಂಡ ಬೀಡಿ ಹಚ್ಚಿಕೊಂಡ. ಪುಟ್ಟಿ ಖಾಸಗಿ ಶಾಲೆಗೆ ಸೇರಿದಳು.

ಆ ಶಾಲೆಯ ಚಿಕ್ಕ ಮಕ್ಕಳಿಗೆ ಕಕ್ಕುವುದೊಂದು ರೋಗ. ಬೆಳಿಗ್ಗೆ ಬಾಯಿಗೆ ತುರುಕಿದ ಬ್ರೆಡ್ಡು ಹಾಲು ಬಸ್ಸಿನಲ್ಲಿ ಕುಲುಕಿ, ಕ್ಲಾಸಿಗೆ ಬಂದೊಡನೆ ಹೊರಗೆ ಬೀಳುತ್ತಿತ್ತು. ವಾರಕ್ಕೆ ಮೂರು ಸಲವಾದರೂ ಬಕೇಟಮ್ಮನನ್ನು ಕೂಗುತ್ತಿದ್ದರು. ಅದಕ್ಕೆಂದೇ ಅವಳು ಕಕ್ಕಸಿನ ಮೂಲೆಯಲ್ಲಿ ಒಂದು ಡಬ್ಬಿ ಮರದ ಹೊಟ್ಟು ಇಟ್ಟಿದ್ದಳು. ವಾಂತಿಯ ಮೇಲೆ ಒಂದು ಹಿಡಿ ಹೊಟ್ಟು ಉದುರಿಸಿ ಇಪ್ಪತ್ತು ಎಣಿಸಬೇಕು. ಹೀರಿಕೊಂಡ ಮೇಲೆ ಒಂದು ರಟ್ಟಿನಿಂದ ಇನ್ನೊಂದು ರಟ್ಟಿಗೆ ಎಳೆದುಕೊಂಡರೆ ನೆಲಕ್ಕೆ ಮೆತ್ತುವುದಿಲ್ಲ. ಅತ್ತೆ ಹೇಳಿಕೊಟ್ಟ ಕೆಲಸ ಅದು. ಗಂಡ ಕುಡಿದು ಬಂದ ದಿನ ಮನೆಯಲ್ಲೂ ಅದೇ ಮಾಡುತ್ತಿದ್ದಳು, ಪುಟ್ಟಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

ಪುಟ್ಟಿ ಸೇರಿ ಎರಡು ತಿಂಗಳಾಯಿತು. ಒಂದನೇ ಕ್ಲಾಸಿನಿಂದ ಬಕೇಟಮ್ಮನಿಗೆ ಕೂಗೇ ಬರುತ್ತಿರಲಿಲ್ಲ. ಮಕ್ಕಳ ಹೊಟ್ಟೆ ಗಟ್ಟಿಯಾಯಿತೇನೋ ಎಂದುಕೊಂಡು ಹಿಗ್ಗಿದಳು. ಡಬ್ಬಿಯ ಹೊಟ್ಟು ಮಾತ್ರ ಇಳಿಯುತ್ತಿತ್ತು. ವಾಚ್‌ಮನ್ ಕದಿಯುತ್ತಾನೆಂದು ಅವನಿಗೆ ಮನಸಾರೆ ಬೈದಳು.

ಆ ದಿನ ಒಂದನೇ ಕ್ಲಾಸಿನ ಮುಂದೆ ನೆಲ ಒರೆಸುತ್ತಿದ್ದಾಗ ಒಳಗಿನಿಂದ ಪುಟ್ಟಿಯ ದನಿ ಕೇಳಿತು. ಇಂಗ್ಲಿಷಿನಲ್ಲಿ ಎಣಿಸುತ್ತಿದ್ದಳು. ಫೋರ್ಟೀನ್, ಫಿಫ್ಟೀನ್. ಬಕೇಟಮ್ಮನಿಗೆ ಎದೆ ತುಂಬಿ ಬಂತು. ಬಾಗಿಲಿಗೆ ಹೋಗಿ ಇಣುಕಿದಳು.

ಮಕ್ಕಳೆಲ್ಲ ಮೂಗು ಹಿಡಿದುಕೊಂಡು ಗೋಡೆಗೆ ಒತ್ತಿ ನಿಂತಿದ್ದವು. ನಡುವೆ ಪುಟ್ಟಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಡಬ್ಬಿ, ಕೈಯಲ್ಲಿ ಎರಡು ರಟ್ಟು. ಟ್ವೆಂಟಿ ಎಂದು ಹೇಳಿ, ಹೊಟ್ಟು ಕಟ್ಟಿದ ವಾಂತಿಯನ್ನು ನಾಜೂಕಾಗಿ ಎಳೆದುಕೊಳ್ಳತೊಡಗಿದಳು. ಮಿಸ್ಸು ಮೇಜಿನಲ್ಲಿ ಕಾಪಿ ತಿದ್ದುತ್ತಿದ್ದಳು.

ಬಕೇಟಮ್ಮನನ್ನು ಕಂಡು ಮಿಸ್ಸು ನಗುತ್ತಾ ಎದ್ದಳು. ಮೊದಲ ವಾರ ಯಾರೋ ಕಕ್ಕಿದಾಗ ಪುಟ್ಟಿ ತಾನಾಗಿಯೇ ಓಡಿ ಡಬ್ಬಿ ತಂದಳಂತೆ. ಅಂದಿನಿಂದ ಅದು ಅವಳದೇ ಕೆಲಸ. ಓಡಾಡಲು ಅನುಕೂಲವೆಂದು ಅವಳನ್ನು ಬಾಗಿಲ ಪಕ್ಕ ಒಂಟಿಯಾಗಿ ಕೂರಿಸಿದ್ದರು. ಗೋಡೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸ್ವಚ್ಛತೆಗೆಂದು ಹನ್ನೊಂದು ಚಿನ್ನದ ನಕ್ಷತ್ರ. ಓದಿಗೆ ಒಂದೂ ಇರಲಿಲ್ಲ.

“ಹೇಳಿಕೊಡೋದೇ ಬೇಡ ನೋಡು. ರಕ್ತದಲ್ಲೇ ಬಂದಿದೆ,” ಎಂದಳು ಮಿಸ್ಸು.

ಆರು ವರ್ಷ ಕಂಡವರ ಹೇಲು ಬಾಚಿದ ಬಕೇಟಮ್ಮನಿಗೆ ಅಂದು ಮೊದಲ ಸಲ ವಾಕರಿಕೆ ಬಂತು. ಎಲ್ಲದರ ಮೇಲೂ ಹೇಸಿಗೆಯಾಯಿತು. ಆ ನಕ್ಷತ್ರಗಳ ಮೇಲೆ, ಮಿಸ್ಸಿನ ನಗುವಿನ ಮೇಲೆ, ಹಿಗ್ಗಿಕೊಂಡು ಓಡಾಡಿದ ತನ್ನ ಮೇಲೂ.

ಅವಳು ಒಳಗೆ ಹೋಗಿ ಪುಟ್ಟಿಯ ಕೈಯಿಂದ ರಟ್ಟುಗಳನ್ನು ಕಿತ್ತುಕೊಂಡಳು. ಅವುಗಳಲ್ಲಿದ್ದದ್ದು ಇದ್ದ ಹಾಗೇ ಮಿಸ್ಸಿನ ಕಾಪಿಗಳ ಮೇಲಿಟ್ಟಳು. ಮೇಜಿನ ಮೇಲಿದ್ದ ಮಿಸ್ಸಿನ ನೀರಿನ ಬಾಟಲಿ ತೆಗೆದು, ಕಿಟಕಿಯಾಚೆ ಮಗಳ ಕೈ ಹಿಡಿದು, ಪೂರ್ತಿ ಸುರಿದು ತೊಳೆದಳು. ತಂದು ಮೊದಲ ಬೆಂಚಿನ ನಡುವೆ ಕೂರಿಸಿದಳು. ಮಿಸ್ಸು ಕಿರುಚಿದ್ದಕ್ಕೆ ದೊಡ್ಡ ಮೇಡಂ ಓಡಿ ಬಂದರು.

“ಕೊಬ್ಬು ಜಾಸ್ತಿಯಾಯ್ತೇನೆ? ಇವತ್ತಿಗೆ ನಿನ್ನ ಕೆಲಸ ಮುಗೀತು. ಇಷ್ಟ ಇಲ್ಲದಿದ್ರೆ ಇವಳನ್ನೂ ಕರಕೊಂಡು ಸರ್ಕಾರಿ ಸ್ಕೂಲಿಗೆ ಹೋಗು.”

“ಅಲ್ಲೂ ಬಾಚಬೇಕು, ಇಲ್ಲೂ ಬಾಚಬೇಕು. ಯಾರ ಹೊಲಸು ವಾಸಿ ಅಂತ ಆರಿಸೋಕಾ ನಾನಿವಳನ್ನ ಹೆತ್ತಿದ್ದು?” ಎಂದಳು ಅವಳು. “ಕೆಲಸ ಹೋಯ್ತಲ್ಲ, ಒಳ್ಳೇದಾಯ್ತು. ಈಗ ನಾನು ಬರೀ ಇವಳ ಅಮ್ಮ. ಸೀಟು ಇವಳದು, ಬಿಡಲ್ಲ. ಪಾಠ ಮಾಡಿಸಿ, ಕೂತು ಕೇಳ್ತೀನಿ.”

ಹಾಗೆಂದು ಹೊಸ್ತಿಲ ಮೇಲೆ ಕಾಲು ಮಡಚಿ ಕೂತೇಬಿಟ್ಟಳು. ವಾಚ್‌ಮನ್ನನ್ನು ಕರೆಯಲು ಆಳು ಹೋಯಿತು. ನೆಲದ ಮೇಲೆ ಉಳಿದದ್ದಕ್ಕೆ ನೊಣ ಮುತ್ತತೊಡಗಿತು. ಕ್ಲಾಸು ನಾರುತ್ತಿತ್ತು. ಅವನು ಬರುವವರೆಗೆ ಗದ್ದಲ ಬೇಡವೆಂದು ದೊಡ್ಡ ಮೇಡಂ ಕಣ್ಸನ್ನೆ ಮಾಡಿದ್ದಕ್ಕೆ ಮಿಸ್ಸು ಪಾಠ ಶುರುಮಾಡಿದಳು.

ಆ ನಾತಕ್ಕೆ ಎರಡನೇ ಬೆಂಚಿನ ಹುಡುಗಿಯೊಂದು ಬಾಯಿ ಮುಚ್ಚಿಕೊಂಡಿತು. ಮುಚ್ಚಿಕೊಂಡ ಕೈ ಸಂದಿಯಿಂದಲೇ ಕಕ್ಕಿಬಿಟ್ಟಿತು. ಇಡೀ ಕ್ಲಾಸು ಪುಟ್ಟಿಯ ಕಡೆ ತಿರುಗಿತು. ಪುಟ್ಟಿ ಅರ್ಧ ಎದ್ದಳು. ಹೊಸ್ತಿಲಲ್ಲಿ ಕೂತವಳು ಅವಳನ್ನೇ ನೋಡುತ್ತಿದ್ದಳು. ಪುಟ್ಟಿ ಮೆಲ್ಲಗೆ ಮತ್ತೆ ಕೂತಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು, ಮಿಸ್ಸಿನ ಮುಖ ನೋಡತೊಡಗಿದಳು. ಮಕ್ಕಳೂ ಒಂದೊಂದಾಗಿ ಮಿಸ್ಸಿನ ಕಡೆಗೇ ತಿರುಗಿದವು.