ದೋಷ ಕಂಡುಬಂದಿಲ್ಲ

“ಬಲ ಶ್ವಾಸಕೋಶದ ಕೆಳಭಾಗದಲ್ಲಿ…” ಎನ್ನುವಲ್ಲಿಗೆ ಪರದೆ ಕಪ್ಪಾಯಿತು. ಕಿವಿಯಲ್ಲಿದ್ದ ಡಾಕ್ಟರ ದನಿಯೂ ಅಲ್ಲಿಗೇ ನಿಂತಿತು. ಕೆಳಭಾಗದಲ್ಲಿ ಇದ್ದದ್ದು ನೀರೋ ಗಂಟೋ, ಯಾರಿಗೆ ಗೊತ್ತು! ಲ್ಯಾಪ್‌ಟಾಪನ್ನು ಎತ್ತಿ ಗೋಡೆಗೆ ಅಪ್ಪಳಿಸಿಬಿಡೋಣ ಅನ್ನಿಸಿತು ಅವಳಿಗೆ. ಅದನ್ನು ತಯಾರಿಸಿದ ಕಂಪನಿಗೇ ಎರಡನೇ ಸಲ ಹೋಗಿ, ರಿಪೇರಿಯಾಗಿ ಬಂದು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಜೊತೆಗೆ ಹೋದ ಸಲದ್ದೇ ಚೀಟಿ: ‘ಪರೀಕ್ಷಿಸಲಾಗಿದೆ. ದೋಷ ಕಂಡುಬಂದಿಲ್ಲ.’

“ಹೋಯ್ತಾ?” ಎಂದ ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದ ಗಂಡ.

“ಹೋಯ್ತು.”

“ನಾನು ಹೇಳ್ಲಿಲ್ವಾ!” ಒಂದೇ ಕಾಲಿಗೆ ಶೂ ಹಾಕಿಕೊಂಡು ಕುಂಟುತ್ತ ಒಳಗೆ ಬಂದ. “ಕೆಲಸಕ್ಕೆ ಕರೆದ ತಕ್ಷಣ ಮುನಿಸ್ಕೊಳ್ಳೋಕೆ ಇದೇನು ಹೊಸ ಅಳಿಯಾನಾ? ಏಳು, ನೋಡೋಣ.”

ಅವನು ಕುಳಿತು ಎರಡು ಬೆರಳಲ್ಲಿ ಟಕಟಕ ಕುಟ್ಟಿದ. ಪರದೆ ಏನೂ ನಡೆದೇ ಇಲ್ಲವೆಂಬಂತೆ ಬೆಳಗುತ್ತಿತ್ತು.

“ನಿನ್ನ ಕಂಡ್ರೇ ಆಗಲ್ಲ ಕಣೇ ಇದಕ್ಕೆ,” ಎಂದು ನಕ್ಕ.

ಅವಳಿಗೆ ನಗು ಬರಲಿಲ್ಲ. ಅವಳ ಹೆದರಿಕೆಯೂ ಅದೇ ಆಗಿತ್ತು. ಗಂಡ ಕುಳಿತರೆ ಸರಿ, ಮಗಳು ಕುಳಿತರೆ ಸರಿ, ಕಂಪನಿಯ ಮೇಜಿನ ಮೇಲೂ ಸರಿ; ತಾನು ಕುಳಿತರೆ ಮಾತ್ರ ಆರುತ್ತದೆ. ಇದನ್ನು ಯಾರಿಗೆ ಹೇಳಿದರೂ ನೆಪ ಹೇಳುತ್ತಾಳೆ ಎಂದಾರು. ಮೇಲ್ವಿಚಾರಕಿ ಆಗಲೇ ಹಾಗೆ ಅಂದುಕೊಂಡಿದ್ದಳು. ‘ಇವತ್ತಿನ ರಿಪೋರ್ಟುಗಳೂ ಬಾರದಿದ್ದರೆ ನಾಳೆಯಿಂದ ಬೇರೆಯವರಿಗೆ ಕೊಡುತ್ತೇವೆ’ ಎಂದು ಬೆಳಿಗ್ಗೆಯೇ ಫೋನಿಗೆ ಸಂದೇಶ ಬಂದಿತ್ತು. ಡಾಕ್ಟರುಗಳು ಗಡಿಬಿಡಿಯಲ್ಲಿ ನುಂಗಿ ನುಂಗಿ ಹೇಳಿದ್ದನ್ನು ಬಿಡಿಸಿ ಕೇಳಿ ಟೈಪು ಮಾಡಿ ಕಳಿಸುವ ಕೆಲಸ. ಮಗಳು ಹುಟ್ಟಿದ ಮೇಲೆ ಮನೆಯಲ್ಲೇ ಉಳಿದವಳಿಗೆ, ಅವಳೂ ಶಾಲೆ ಸೇರಿ ಎಷ್ಟೋ ವರ್ಷಗಳಾದ ಮೇಲೆ ಸಿಕ್ಕಿದ ಕೆಲಸ. ಅದು ಕೈ ತಪ್ಪಿದರೆ ಇನ್ನೊಂದು ಸಿಕ್ಕೀತೆಂಬ ಭರವಸೆ ಅವಳಿಗಿರಲಿಲ್ಲ.

ಗಂಡನಿಗೆ ಮೊದಲು ಇದು ಹಿಡಿಸಿರಲಿಲ್ಲ. “ಈಗ ನಿಂಗೆ ಏನು ಕಡಿಮೆಯಾಗಿದೆ?” ಎಂದು ಮುಖ ಗಂಟಿಕ್ಕಿಕೊಂಡು ಓಡಾಡಿದ. ಆಮೇಲೆ ಒಂದು ಸಂಜೆ, ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಅಯಸ್ಕಾಂತದ ಕಡಗವೊಂದನ್ನು ತಂದು ಅವಳ ಎಡಗೈಗೆ ತಾನೇ ತೊಡಿಸಿದ. “ದಿನವಿಡೀ ಕುಟ್ತೀಯಲ್ಲ, ಮಣಿಕಟ್ಟು ನೋಯುತ್ತೆ,” ಎಂದ. ಅವನ ಒಪ್ಪಿಗೆ ಎಂದರೆ ಅಷ್ಟೇ. ಅವಳು ಅದನ್ನು ಸ್ನಾನಕ್ಕೂ ತೆಗೆದಿರಲಿಲ್ಲ. ಲ್ಯಾಪ್‌ಟಾಪು ಕೈಕೊಡಲು ಶುರುವಾದ ಮೇಲಂತೂ ಅವನು ಪೂರ್ತಿ ಬದಲಾದ. ಕಂಪನಿಯವರನ್ನು ಫೋನಿನಲ್ಲಿ ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡ. “ನನ್ನ ಹೆಂಡ್ತಿ ಡಾಕ್ಟರುಗಳ ಜೊತೆ ಕೆಲಸ ಮಾಡೋಳು ರೀ, ಆಟ ಅಂದ್ಕೊಂಡಿದ್ದೀರಾ?” ಎಂದು ಅವನು ಕೂಗಿದಾಗ ಅಡುಗೆಮನೆಯಲ್ಲಿದ್ದವಳ ಸೌಟು ಹಿಡಿದ ಕೈ ಹಾಗೇ ನಿಂತಿತ್ತು.

ಈಗಲೂ ಫೋನು ಮಾಡಿ ಕೂಗಾಡಿದ. ಎಂಜಿನಿಯರ್ ಮಾತಾಡುತ್ತಾರಂತೆ. “ವಾಪಸ್ ಕಳಿಸೋಕೆ ಸಂಜೆ ಗಟ್ಟಿ ಪೆಟ್ಟಿಗೆ ತರ್ತೀನಿ. ಈ ಸಲ ರಿಪೇರಿ ಗಿಪೇರಿ ಇಲ್ಲ, ಹೊಸದೇ ಕೊಡ್ಬೇಕು,” ಎಂದು ಇನ್ನೊಂದು ಶೂ ಹಾಕಿಕೊಂಡು ಹೊರಟ.

ಮಧ್ಯಾಹ್ನದ ಹೊತ್ತಿಗೆ ಎಂಜಿನಿಯರ್ ವಿಡಿಯೋದಲ್ಲಿ ಬಂದ. ದಣಿದ ಮುಖ, ನಿಧಾನದ ಮಾತು. “ಫೋನ್ ಎದುರಿಗೆ ಒರಗಿಸಿ ಮೇಡಂ. ದಿನಾ ಹೇಗೆ ಟೈಪ್ ಮಾಡ್ತೀರೋ ಹಾಗೇ ಮಾಡಿ.”

ಅವಳು ಮಾಡಿದಳು. ಕಪ್ಪಾಯಿತು.

“ಎಡಗೈ ಎತ್ತಿ.” ಬೆಳಗಿತು. “ಇಡಿ.” ಕಪ್ಪಾಯಿತು. ಅವನು ಪರದೆಗೆ ಮುಖ ಹತ್ತಿರ ತಂದ. “ಕೈಯಲ್ಲಿರೋದೇನು?”

“ಕಡಗ. ಅಯಸ್ಕಾಂತದ್ದು.”

“ಲ್ಯಾಪ್‌ಟಾಪ್ ಮುಚ್ಚಳದಲ್ಲೂ ಪುಟ್ಟ ಅಯಸ್ಕಾಂತ ಇರುತ್ತೆ ಮೇಡಂ. ಅದು ಹತ್ರ ಬಂದ್ರೆ, ಮುಚ್ಚಿದ್ರು ಅಂತ ತಿಳ್ಕೊಂಡು ಇದು ಮಲಗುತ್ತೆ. ಪಾಪ, ನಿಮ್ಮ ಕಡಗಾನೇ ಮುಚ್ಚಳ ಅಂದ್ಕೊಂಡಿದೆ. ಅದನ್ನ ತೆಗೆದಿಡಿ, ಸಾಕು.”

ತೆಗೆದಿಟ್ಟಳು. ಬಲ ಶ್ವಾಸಕೋಶದ ಕೆಳಭಾಗದಲ್ಲಿ ನೀರೂ ಇರಲಿಲ್ಲ, ಗಂಟೂ ಇರಲಿಲ್ಲ. ಅದನ್ನು ಮುಗಿಸಿ ಇನ್ನೊಂದು, ಮತ್ತೊಂದು ಕಳಿಸಿದಳು. ಪರದೆ ಒಮ್ಮೆಯೂ ಮಿಟುಕಲಿಲ್ಲ. ಕುಣಿಯುವಷ್ಟು ಖುಷಿಯಾಗಬೇಕಿತ್ತು. ಆದರೆ ಯಾವುದೋ ಯೋಚನೆ ಹುಳುವಿನ ಹಾಗೆ ಹೊಕ್ಕು ಕೊರೆಯತೊಡಗಿತು. ಮಾತ್ರೆ ಡಬ್ಬಿಯ ಸಣ್ಣಕ್ಷರವನ್ನೂ ಬಿಡದೆ ಓದುವ ಮನುಷ್ಯ ಅವನು. ಕಡಗದ ಡಬ್ಬಿಯನ್ನು ಓದಿರಲಿಲ್ಲವೇ? ಗೊತ್ತಿದ್ದೇ ತೊಡಿಸಿದನೇ? ಹಾಗಾದರೆ ಫೋನಿನಲ್ಲಿ ಆ ಕೂಗಾಟ? ಛೆ, ಎಂಥಾ ಯೋಚನೆ ಇದು, ಎಂದು ತನ್ನನ್ನೇ ಬೈದುಕೊಂಡಳು. ಎದ್ದು ಕಿಟಕಿ ತೆರೆದಳು, ಮತ್ತೆ ಮುಚ್ಚಿದಳು. ಒಣಗಿದ ಬಟ್ಟೆ ತಂದು ಹಾಸಿಗೆ ಮೇಲೆ ಸುರಿದು, ಮಡಿಸದೆ ಬಂದು ಕುಳಿತಳು. ಕೂತಲ್ಲಿ ಕೂರಲಾಗಲಿಲ್ಲ.

ಸಂಜೆ ಗಂಡ ಕಂಕುಳಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಬಂದ. ಬೆರಳಿಗೆ ಅಂಟುಪಟ್ಟಿಯ ಉರುಳೆ ಸಿಕ್ಕಿಸಿಕೊಂಡಿದ್ದ.

“ಫೋನ್ ಮಾಡಿದ್ರಾ? ಏನಂದ್ರು ಮಹಾಶಯರು?”

“ಸ್ವಲ್ಪ ಕೂತ್ಕೊಳ್ಳಿ. ಕೈ ಕೊಡಿ.”

ಅವಳು ಕಡಗವನ್ನು ಅಗಲಿಸಿ ಅವನ ದಪ್ಪ ಮಣಿಕಟ್ಟಿಗೆ ಒತ್ತಿ ಕೂರಿಸಿದಳು. ಆ ಕೈಯನ್ನು ಲ್ಯಾಪ್‌ಟಾಪಿನ ಎಡ ಅಂಚಿನ ಮೇಲಿಟ್ಟಳು. ಪರದೆ ಆರಿತು.

ಅವನು ಕೈ ಎತ್ತಿದ. ಬೆಳಗಿತು. ಇಟ್ಟ. ಆರಿತು. ಮತ್ತೊಮ್ಮೆ, ಬಿಸಿ ಪಾತ್ರೆ ಮುಟ್ಟುವವನಂತೆ, ಮೆಲ್ಲಗೆ ಇಟ್ಟು ನೋಡಿದ.

“ಇದಾ?”

“ಹ್ಞೂಂ.”

ಅವನು ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ. ತೊಡೆಯ ಮೇಲಿದ್ದ ಪೆಟ್ಟಿಗೆ ಜಾರಿ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

“ನಂಗೆ ಗೊತ್ತಿರ್ಲಿಲ್ಲ,” ಎಂದ. “ಮೊದ್ಲು ಬೇಡ ಅಂದಿದ್ದೆ, ನಿಜ. ಆದ್ರೆ ಇದು… ನಂಗೆ ಗೊತ್ತಿರ್ಲಿಲ್ಲ ಕಣೇ.”

ಅವಳು ಬಾಯಿಬಿಟ್ಟು ಕೇಳಿರಲಿಲ್ಲ. ಮಧ್ಯಾಹ್ನವಿಡೀ ಮನಸ್ಸಿನಲ್ಲಿ ಕೇಳಿಕೊಂಡದ್ದು ಮುಖದ ಮೇಲೆ ಉಳಿದಿತ್ತೇನೋ. ಅವಳಿಗೆ ನಾಚಿಕೆಯಾಯಿತು.

“ಇನ್ನೂ ರಿಪೋರ್ಟ್ ಬಾಕಿ ಇವೆ,” ಎಂದಳು. “ಏಳಿ. ಆ ಕೈ ಸ್ವಲ್ಪ ಆಚೆ ಇಟ್ಕೊಳ್ಳಿ.”

ಅವನು ಎದ್ದು ಕಡಗ ಎಳೆದ. ಬರಲಿಲ್ಲ. ಇನ್ನೂ ಬಲವಾಗಿ ಎಳೆದ, ಕೈ ಕೆಂಪಾಯಿತೇ ಹೊರತು ಅದು ಬರಲಿಲ್ಲ. ಕೊನೆಗೆ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಹಿಂದೆ ಹಿಂದೆ ಸರಿಯುತ್ತ ಬಾಗಿಲವರೆಗೂ ಹೋದ.

“ಇಷ್ಟು ದೂರ ಸಾಕಾ?”

ಅವಳು ಇಯರ್‌ಫೋನನ್ನು ಒಂದೇ ಕಿವಿಗೆ ಸಿಕ್ಕಿಸಿಕೊಂಡಿದ್ದಳು. “ಅಷ್ಟೊಂದು ದೂರ ಬೇಡ,” ಎಂದಳು.

ಅವನು ಹತ್ತಿರ ಬರಲಿಲ್ಲ. ಪುಟ ಮುಗಿಯುವವರೆಗೂ ಬಾಗಿಲಲ್ಲೇ, ಎಡಗೈಯನ್ನು ಬಲಗೈಯಿಂದ ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, ಪರದೆಯ ಬೆಳಕನ್ನೇ ನೋಡುತ್ತ ನಿಂತಿದ್ದ.